ಇಂಜೆಕ್ಷನ್ ಬದಲಿಗೆ ಕ್ರೀಮು

2004ರ ಬೇಸಿಗೆ. ಇಂಡಿ ಪಟ್ಟಣದ ಸರಕಾರಿ ಆಸ್ಪತ್ರೆಯಲ್ಲಿ ನಾನು ಮಕ್ಕಳ ವೈದ್ಯನಾಗಿದ್ದೆ. ಅಂದು ಬೆಳಿಗ್ಗೆ ಹೊರರೋಗಿಗಳ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ, ತಪಾಸಣೆಯ ಮೇಜಿನ ಬಲಕ್ಕೆ ನಿಂತಿದ್ದೆ. ಬೆಳಕು ನೇರ ಮೇಜಿನ ಮೇಲಿತ್ತು. ಕಂಡದ್ದರಲ್ಲಿ ನನಗೆ ಅನುಮಾನವಿಲ್ಲ.

ತಾಂಬಾ ಹಳ್ಳಿಯ ಮಲ್ಲಪ್ಪ ತನ್ನ ಕೂಸನ್ನು ತಂದು ಮಲಗಿಸಿದ. ಮನೆಯಲ್ಲೇ ಹುಟ್ಟಿದ ಹೆಣ್ಣು ಕೂಸು, ವಾರವೂ ತುಂಬಿರಲಿಲ್ಲ. ಬೆನ್ನು, ತೋಳುಗಳ ಮೇಲೆ ನೀಲಿ ಕಲೆಗಳು. ಹೊಕ್ಕುಳಿನಿಂದ ರಕ್ತ ಜಿನುಗುತ್ತಿತ್ತು. ಮೈಯೆಲ್ಲ ಸೆಂಟಿನ ವಾಸನೆ.

ಮಲ್ಲಪ್ಪನ ತಾಯಿ ಗುರುಬಾಯಿಗೆ ಸಿಟ್ಟು ಇಳಿದಿರಲಿಲ್ಲ. "ಎರಿಯಾಕ ಬರೂ ಲಕ್ಕವ್ವನ ಕೈ ಕೈಯಲ್ರಿ ಸಾಹೇಬ್ರ, ಕೊರಡ. ಕೂಸಿನ್ನ ಹಿಟ್ಟು ನಾದಿಧಂಗ ನಾದ್ಯಾಳ. ಮನಿಗಿ ಬರಬ್ಯಾಡ ಅಂದೇನಿ."

"ಈ ವಾಸನಿ ಯಾತರದು?"

"ನೀಲಿ ಕಲಿ ಹೋಗಾಕ ಕ್ರೀಮ್ ಹಚ್ಚೇವ್ರಿ."

ನಮ್ಮ ಕಡೆ ಬಾಣಂತನದಲ್ಲಿ ಕೂಸಿಗೆ ಎಣ್ಣೆ ತಿಕ್ಕಿ ನೀರೆರೆಯಲು ಒಬ್ಬ ಹೆಂಗಸು ಬರುತ್ತಾಳೆ. ಮೈಮೇಲೆ ಏನು ಮೂಡಿದರೂ ಮೊದಲ ಬೈಗುಳ ಅವಳಿಗೆ. ಆದರೆ ಇದು ಕೈಯ ಪೆಟ್ಟಾಗಿರಲಿಲ್ಲ. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ಹುಟ್ಟುವ ಕೂಸಿನಲ್ಲಿ ಅದು ತೀರ ಕಡಿಮೆ, ತಾಯಿಯ ಹಾಲಿನಿಂದಲೂ ಸಾಕಷ್ಟು ಸಿಗದು. ಆದ್ದರಿಂದಲೇ ಹುಟ್ಟಿದೊಡನೆ ತೊಡೆಗೆ ಒಂದು ಇಂಜೆಕ್ಷನ್ ಕೊಡುತ್ತೇವೆ. ಈ ಕೂಸಿಗೆ ಅದು ಸಿಕ್ಕಿರಲಿಲ್ಲ.

ಸಿಸ್ಟರ್ ಕಾಶೀಬಾಯಿ ಸೂಜಿ ಸಿದ್ಧಮಾಡಿದರು, ಕೊಟ್ಟೆವು. ಹೊಕ್ಕುಳಿನ ಮೇಲಿಟ್ಟ ಬಟ್ಟೆ ಮತ್ತೆ ಮತ್ತೆ ಕೆಂಪಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ರಕ್ತ ನಿಂತಿತು, ಕೂಸು ಅತ್ತು ಹಾಲು ಕುಡಿಯಿತು. ಲಕ್ಕವ್ವನ ತಪ್ಪಿಲ್ಲ ಎಂದು ತಿಳಿಸಿ ಹೇಳಿದರೂ ಗುರುಬಾಯಿ ಬಗ್ಗಲಿಲ್ಲ. "ಅದಿರ್ಲಿರಿ, ಆಕಿ ಕೈ ಬಿರುಸು ಅನ್ನೂದೇನ ಸುಳ್ಳಲ್ಲ."

ಆಮೇಲೆ ಮಲ್ಲಪ್ಪ ಬಾಯಿಬಿಟ್ಟ. "ಊರಿಗಿ ಬರೂ ನರ್ಸಬಾಯಿ ವಿಟಮಿನ್ ಕೆ ಇಂಜೆಕ್ಷನ್ ಮಾಡಸ್ರಿ ಅಂದಿದ್ರರಿ. ಇಲ್ಲೇ ಇಂಡಿ ಔಷಧ ಅಂಗಡಿಗಿ ಬಂದೆ. ಅಂಗಡ್ಯಾಂವ, ಇಂಜೆಕ್ಷನ್ ಇಲ್ಲ, ಈ ಕ್ರೀಮಿನಾಗೂ ಕೆ ಐತಿ, ಎಳಿ ಕೂಸಿಗಿ ಯಾಕ ಚುಚ್ಚಸ್ತಿ ಅಂದ." ಮಲ್ಲಪ್ಪ ತೋರಿಸಿದ ಟ್ಯೂಬಿನಲ್ಲಿದ್ದದ್ದು ಕಣ್ಣಿನ ಕೆಳಗಿನ ಕಪ್ಪು, ಚರ್ಮದ ನೀಲಿ ಕಲೆ ಮಾಯವಾಗುತ್ತವೆಂದು ಹೇಳಿ ಮಾರುವ ಸೌಂದರ್ಯ ಕ್ರೀಮು.

ಟ್ಯೂಬು ಹಿಡಿದು ಅಂಗಡಿಗೆ ಹೋದೆ. ಮಲ್ಲಪ್ಪ, ಕಾಶೀಬಾಯಿ ಜೊತೆಗಿದ್ದರು. ಅಂಗಡಿಯವನು ಟ್ಯೂಬಿನ ಮೇಲೆ ಬೆರಳಿಟ್ಟು ತೋರಿಸಿದ. "ಕೆ ಐತೋ ಇಲ್ಲೋ ನೀವ ನೋಡ್ರಿ ಡಾಕ್ಟ್ರ. ನಾ ಸುಳ್ಳ ಹೇಳೇನೇನು?"

"ಕೂಸು ಸಾಯ್ತಿತ್ತು."

"ಕ್ರೀಮಿನಿಂದ ಅಲ್ಲಲ್ರಿ."

ಅವನ ಎರಡು ಮಾತೂ ನಿಜವಾಗಿದ್ದವು. ಚರ್ಮಕ್ಕೆ ಹಚ್ಚಿದ್ದು ಆ ಕೂಸಿನ ರಕ್ತಸ್ರಾವವನ್ನು ತಡೆಯಲಾರದು ಎಂಬ ಮೂರನೆಯ ನಿಜವನ್ನು ಮಾತ್ರ ಅವನೂ ಹೇಳಲಿಲ್ಲ, ಟ್ಯೂಬೂ ಹೇಳಿರಲಿಲ್ಲ. ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಟ್ಟೆ. ಅದು ಕಾಸ್ಮೆಟಿಕ್, ಔಷಧವಲ್ಲ ಎಂದು ಉತ್ತರ ಬಂತು. ಔಷಧವೆಂದು ಹೇಳಿ ಮಾರಿದವನನ್ನು ಯಾರೂ ಕೇಳಲಿಲ್ಲ. ಈ ಸಿಟ್ಟು ನನಗೆ ಇಂದಿಗೂ ಆರಿಲ್ಲ.

ಮದ್ದಿನ ಹೆಸರು ಹೇಳಿ ಕಳಿಸಿದರೆ ಚಿಕಿತ್ಸೆ ಆದಂತಲ್ಲ, ಅದು ಕೂಸಿನ ಮೈಗೆ ಇಳಿಯುವುದನ್ನು ಕಣ್ಣಾರೆ ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇದು. ಅಂಗಡಿಯವನು ಈಗಿಲ್ಲ. ಕಾಶೀಬಾಯಿ ಮನಗೂಳಿಯಲ್ಲಿದ್ದಾರೆ, ಮಲ್ಲಪ್ಪ ತಾಂಬಾದಲ್ಲೇ ಇದ್ದಾನೆ. ಅಂಗಡಿಯವನು ಅಂದು ಆಡಿದ ಮಾತನ್ನು ಅವರಿಬ್ಬರೂ ಕಿವಿಯಾರೆ ಕೇಳಿದ್ದಾರೆ, ಬೇಕಾದವರು ವಿಚಾರಿಸಬಹುದು.