ಸೇತುವೆ ಬುಡದ ಮಡು

ಎಪ್ಪತ್ತರ ದಶಕದ ಮಾತು. ಹಿರಿಯೂರಿಗೆ ಕಾಲೇಜಿಗೆ ಹೋದ ನಮ್ಮೂರಿನ ಮೊದಲ ಹುಡುಗಿ ನಾನು. ಅಪ್ಪ ಒಪ್ಪಿದ್ದೇ ಬಸ್ಸಿನ ಧೈರ್ಯದ ಮೇಲೆ. ಬೆಳಿಗ್ಗೆ ಹಳ್ಳದ ಸೇತುವೆ ದಾಟಿಸಿದ ಬಸ್ಸು ದೀಪ ಹಚ್ಚುವ ಹೊತ್ತಿಗೆ ಊರ ಮುಂದೆ ಇಳಿಸುತ್ತಿತ್ತು. "ಈ ಬಸ್ಸು ಓಡಾಡಾವರೆಗೂ ಓದವ್ವ. ಬ್ಯಾರೆ ಊರಾಗೆ ರೂಮು ಗೀಮು ಅಂದ್ರೆ ಆಗಾಕಿಲ್ಲ" ಅಂದಿದ್ದ.

ಆ ಸೇತುವೆಯ ನಡುಗಂಬದ ಬುಡದಲ್ಲಿ ಒಂದು ಮಡು. ಮಳೆಗಾಲದ ನೀರು ಕಂಬಕ್ಕೆ ಬಡಿದು, ಸುತ್ತಿ, ಮಣ್ಣು ಕೊರೆದುಕೊಂಡು ಹೋಗುತ್ತಿತ್ತು. ಹಳ್ಳವೆಲ್ಲ ಒಣಗಿದರೂ ಅಲ್ಲಿ ಎದೆಮಟ್ಟ ನೀರು. ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯುವುದು ನಮ್ಮವರ ಪದ್ಧತಿ. ಅದಕ್ಕೆ ಅಂಥ ಜಾಗ ಸುತ್ತಮುತ್ತ ಇನ್ನೊಂದಿರಲಿಲ್ಲ.

ಒಂದು ಬೇಸಿಗೆ ಇಂಜಿನಿಯರು ಬಂದು ಮಡು ನೋಡಿ ಗಾಬರಿಯಾದರು. ಲಾರಿಯಲ್ಲಿ ದಪ್ಪ ಕಲ್ಲು ತರಿಸಿ ಕಂಬದ ಸುತ್ತ ತುಂಬಿಸಿದರು. "ಕಂಬಾನೂ ನೆಟ್ಟ ಗೂಟದ ಹಾಗೆ, ನಿಲ್ಲೋದು ಸುತ್ತಲ ಮಣ್ಣಿನಿಂದ. ಬುಡ ಸಡಿಲಾದ್ರೆ ನೆಲ ಒಂಚೂರು ನಡುಗಿದ್ರೂ ವಾಲುತ್ತೆ" ಅಂತ ಅಪ್ಪನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅಪ್ಪ ತಲೆಯಾಡಿಸಿದ. ಜೀಪು ಮರೆಯಾದ ಮೇಲೆ, "ದುರ್ಗದ ಸೀಮೆ ನಡುಗ್ತೈತಂತೇನ್ರಪ್ಪ! ಈ ಕಲ್ಲಾಗೆ ಕುರಿ ಕಾಲು ಮುರಿತಾವೆ, ತೆಗೀರಿ" ಅಂದ. ಊರ ಗಂಡಸರೆಲ್ಲ ಹಾರೆ ಹಿಡಿದು ಕಲ್ಲು ಉರುಳಿಸಿದರು. ಒಳ್ಳೊಳ್ಳೆಯವು ಕುರಿರೊಪ್ಪದ ಗೋಡೆ ಸೇರಿದವು.

ಮರುವರ್ಷ ಒಂದು ಭಾನುವಾರ ನೆಲ ನಡುಗಿತು. ಎಷ್ಟು ನಡುಗಿತು? ಗೂಡಿನಲ್ಲಿದ್ದ ತಟ್ಟೆಗಳು ಗಲಗಲ ಅಂದವು, ಒಂದೂ ಬೀಳಲಿಲ್ಲ. ನಮ್ಮ ಮಣ್ಣಿನ ಗೋಡೆ ಸಹ ಬಿರುಕು ಬಿಡಲಿಲ್ಲ. ಸೇತುವೆಯ ನಡುಗಂಬ ಮಾತ್ರ ವಾಲಿತು, ಮೇಲಿನ ರಸ್ತೆ ಬಾಯಿಬಿಟ್ಟಿತು. ಬಸ್ಸು ನಿಂತಿತು.

"ಭೂಮ್ತಾಯಿ ಮುನಿದ್ರೆ ಯಾರೇನು ಮಾಡಾಕಾಗ್ತೈತೆ?" ಅಂದ ಅಪ್ಪ. ನನಗೆ ಮೈಯೆಲ್ಲ ಉರಿಯಿತು. ಹಳ್ಳ ಇಳಿದು ದಾಟಿ ಆಚೆ ದಡದಲ್ಲಿ ಬಸ್ಸು ಹಿಡಿಯುತ್ತೇನೆ ಅಂದೆ, ಅತ್ತು ಕರೆದೆ, ಊಟ ಬಿಟ್ಟೆ. "ಹರೇದ ಹುಡುಗಿ ಸೀರೆ ಎತ್ತಿಕ್ಯಂಡು ಹಳ್ಳ ದಾಟಾದಾ?" ಅಂದವನು ಪರೀಕ್ಷೆಗೂ ಕೂರಿಸದೆ ಹೊಸದುರ್ಗದ ಕಡೆ ಗಂಡು ಗೊತ್ತು ಮಾಡಿದ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಅಪ್ಪ ಮಾಡಿದ್ದನ್ನು ಉಂಡವಳು ನಾನು.

ಸೇತುವೆ ರಿಪೇರಿಯಾಗಿ ಮತ್ತೆ ಬಸ್ಸು ಓಡತೊಡಗಿದಾಗ, ಮಗಳನ್ನು ತೊಡೆ ಮೇಲೆ ಮಲಗಿಸಿಕೊಂಡು ತವರಿಗೆ ಬಂದೆ. ಈ ಸಲ ಕಂಬದ ಬುಡಕ್ಕೆ ಕಲ್ಲು ತುಂಬಿ ಸಿಮೆಂಟು ಹಾಕಿ ಬಿಗಿದಿದ್ದರು. ಕರೆದುಕೊಂಡು ಹೋಗಲು ಬಂದಿದ್ದ ಅಪ್ಪ ಮೊಮ್ಮಗಳನ್ನು ಎತ್ತಿಕೊಂಡ. ಆಮೇಲೆ ಹಳ್ಳದ ಕಡೆ ಕೈ ತೋರಿಸಿ, "ಎಂಥ ಅನ್ಯಾಯ ಮಾಡವ್ರೆ ನೋಡವ್ವ. ಇನ್ನ ಕುರಿ ಎಲ್ಲಿ ತೊಳೆಯಾದು?" ಅಂದ.