ಕಾಕಾರ ತಪಾಸಣೆ

ಇವತ್ತು ಮುಂಜಾನೆ ಅಥಣಿಯ ಬಸ್ ಸ್ಟ್ಯಾಂಡ್ ಹತ್ತಿರ ಹಸಿ ಹುಲ್ಲಿನ ಹೊರೆ ಹೇರಿದ ಸ್ಕೂಟರೊಂದು ನನ್ನನ್ನು ಸವರಿಕೊಂಡೇ ಹೋಯಿತು. ಸವಾರ ಕಾಣುತ್ತಿರಲಿಲ್ಲ, ಹುಲ್ಲೇ ಗಾಡಿ ಹೊಡೆಯುತ್ತಿದ್ದ ಹಾಗಿತ್ತು. ಆ ವಾಸನೆಗೆ ನಿಮಗೇನು ನೆನಪಾಗುತ್ತದೋ ಗೊತ್ತಿಲ್ಲ, ನನಗೆ ಪಾಯಪ್ಪ ಕಾಕಾ ನೆನಪಾದರು.

ಕಾಕಾ ಆಗ ನಮ್ಮೂರ ಧರ್ಮಾರ್ಥ ಸಂಸ್ಥೆಯೊಂದರ ಅಧ್ಯಕ್ಷರು. ಹಾಳು ಬಿದ್ದ ಸಾರ್ವಜನಿಕ ಜಾಗವನ್ನು ಉಪಯೋಗಕ್ಕೆ ತರುವವರಿಗೆ ಸಂಸ್ಥೆ ಅನುದಾನ ಕೊಡುತ್ತಿತ್ತು. ಹಿರಿಯರು ಬಿಟ್ಟುಹೋದ ಇಡುಗಂಟು ಮುಟ್ಟುವಂತಿಲ್ಲ, ಅದರ ಬಡ್ಡಿಯಷ್ಟೇ ಹಂಚಬೇಕು. ಹಾಗಾಗಿ ಅನುದಾನ ಸಿಗುವ ಊರುಗಳು ಕಡಿಮೆ, ಕೇಳುವವರು ಬಹಳ. ನಾನು ಕಾರ್ಯದರ್ಶಿ. ಅಂದರೆ ಕಾಕಾರ ಕೊಡೆ, ನೀರಿನ ಬಾಟಲಿ ಹಿಡಿದು ಹಿಂದೆ ನಡೆಯುವವನು ಎಂದು ತಿಳಿಯಿರಿ.

ಆ ವರ್ಷ ತೆಲಸಂಗದ ಹೆಣ್ಣುಮಕ್ಕಳ ಸಂಘ ಅರ್ಜಿ ಹಾಕಿತ್ತು. ಊರಾಚೆಯ ಬಯಲು ತಿಪ್ಪೆಯಾಗಿತ್ತು. ಅಲ್ಲಿ ಬೇವು ಬೆಳೆಸಿ, ನಡುವೆ ಮೇವು ಬೆಳೆಯುವ ಆಸೆ ಅವರದು. ಅನುದಾನ ತಪ್ಪಿದರೆ ಆ ಜಾಗ ಅಂಗಡಿ ಕಟ್ಟುವವರ ಪಾಲಾಗುವುದಿತ್ತು. ನೋಡಲು ಬರುತ್ತೇವೆಂದು ಹೇಳಿ ಕಳಿಸಿದ ಕಾಕಾ, ಬೇಕೆಂದೇ ಒಂದು ದಿನ ಮೊದಲು ಹೊರಟರು. "ಹೇಳಿದ ದಿನ ಹೋದ್ರ ಹಾರ ಹಾಕ್ತಾರ, ಜಾಗ ತೋರ್ಸೂದಿಲ್ಲ" ಎಂದರು.

ಹೋಗಿ ನೋಡಿದರೆ ಬಯಲೆಲ್ಲ ಸಾಲುಸಾಲು ಬೇವಿನ ಸಸಿ! ನಾನು ಬೆರಗಾಗಿ ನಿಂತೆ. ಕಾಕಾ ಬಗ್ಗಿ ಒಂದು ಸಸಿಯ ತಲೆ ಸವರಿದರು. ಅದು ಸಲೀಸಾಗಿ ಕೈಗೇ ಬಂತು. ಬೇರಿಲ್ಲ, ಮರದಿಂದ ಮುರಿದು ತಂದು ಚುಚ್ಚಿದ ಟೊಂಗೆ. ಹೆಣ್ಣುಮಕ್ಕಳೆಲ್ಲ ಬಾಯಿಗೆ ಸೆರಗು ಹಿಡಿದರು. ಸಂಘದ ಮುಖಂಡೆ ಹಸೀನಾಬಿ ಮಾತ್ರ ಹಿಂಜರಿಯಲಿಲ್ಲ.

"ನಾಳೆ ಬರ್ತೀವಿ ಅಂದಿದ್ರಿ ಸಾಹೇಬ್ರ. ಇವತ್ತ ಬಂದ್ರ ಬೇರು ಎಲ್ಲಿಂದ ಬರಬೇಕ್ರಿ?"

ಕಾಕಾ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೆಮ್ಮೆಂದು ತಿಳಿದು ನೀರಿನ ಬಾಟಲಿ ಚಾಚಿದೆ.

ಸಭೆಯಲ್ಲಿ ಉಳಿದ ಸದಸ್ಯರು ಇದು ಮೋಸ, ಅರ್ಜಿ ತಿರಸ್ಕರಿಸಿ ಎಂದು ಪಟ್ಟು ಹಿಡಿದರು. "ಮೋಸ ಖರೆ," ಎಂದರು ಕಾಕಾ. "ಆದ್ರ ಟೊಂಗಿ ಚುಚ್ಚಾಕರೆ ತಿಪ್ಪಿ ಎಲ್ಲಾ ಹಸನ ಮಾಡಿ, ಸಾಲು ಹಿಡದ ತೆಗ್ಗ ತೋಡ್ಯಾರ. ಆ ತೆಗ್ಗ ಸುಳ್ಳಲ್ಲಲ್ಲ?" ಕಡೆಗೆ ಬೇಲಿಗಷ್ಟೇ ಮೊದಲ ಕಂತು, ಬೇರಿರುವ ಸಸಿ ನೆಟ್ಟು ಅವು ಬೇಸಿಗೆ ದಾಟಿ ಬದುಕಿದರೆ ಉಳಿದದ್ದು ಎಂದು ತೀರ್ಮಾನವಾಯಿತು.

ಮುಂದಿನ ಬೇಸಿಗೆ ಕಳೆದ ಮೇಲೆ ಮತ್ತೆ ಹೋದೆವು. ಮೊಣಕಾಲೆತ್ತರದ ಗಿಡಗಳು. ಕಾಕಾ ನಂಬಬೇಕಲ್ಲ? ಒಂದನ್ನು ಹಿಡಿದು ಎಳೆದರು. ಬರಲಿಲ್ಲ. ಜೋರಾಗಿ ಜಗ್ಗಿದರು. ಗಿಡ ಬೇರು ಸಮೇತ ಕಿತ್ತು ಬಂತು, ಕಾಕಾ ಹಿಂದಿದ್ದ ಗೊಬ್ಬರದ ಬುಟ್ಟಿಯಲ್ಲಿ ಕೂತರು.

"ಅಯ್ಯ, ಜೀವ ಇದ್ದದ್ದನ್ನ ಕಿತ್ತಿದ್ರಲ್ಲ! ಏಳ್ರಿ, ಈಗ ನೀವ ಹಚ್ರಿ" ಎಂದು ಹಸೀನಾಬಿ ಗದರಿದರು.

ಕಾಕಾ ಧೋತರ ಮೇಲೆ ಕಟ್ಟಿ ನೆಟ್ಟರು, ನೀರೂ ಹೊತ್ತು ತಂದರು. ನಾನು ಕೊಡೆ ಹಿಡಿದೆ. ಗಿಡಕ್ಕೆ. ಉಳಿದ ಅನುದಾನವೂ ಮಂಜೂರಾಯಿತು. ಆಮೇಲೆ ಕಾಕಾ ಪದೇ ಪದೇ ಅಲ್ಲಿಗೆ ಹೋಗತೊಡಗಿದರು, ಹಸಿ ಮೇವಿನ ವಾಸನೆ ಹೊತ್ತು ಬರುತ್ತಿದ್ದರು. ಕೇಳಿದರೆ "ತಪಾಸಣೆ" ಎನ್ನುತ್ತಿದ್ದರು.

ಈಗ ಅವರು ಬಿಟ್ಟುಕೊಟ್ಟ ಕುರ್ಚಿಯಲ್ಲಿ ನಾನಿದ್ದೇನೆ. ಶಿರಗುಪ್ಪಿಯಿಂದ ಬಂದ ಅರ್ಜಿಗೆ ಮೊಬೈಲಿನ ಫೋಟೋ ನೋಡಿಯೇ ಇವತ್ತು ಸಹಿ ಹಾಕುವವನಿದ್ದೆ. ಗಿಡ ಜಗ್ಗಿ ನೋಡದೆ ಸಹಿ ಹಾಕಲು ಮನಸ್ಸು ಬರಲಿಲ್ಲ, ಸಭೆ ಮುಂದಕ್ಕೆ ಹಾಕಿ ಹಸೀನಾಬಿಗೆ ಫೋನ್ ಮಾಡಿ ಕಾಕಾರ ಸಮಾಚಾರ ಕೇಳಿದೆ.

"ಇಲ್ಲೇ ಅದಾರ್ರಿ. ಬೇವಿನ ನೆರಳಾಗ ಮಲಗ್ಯಾರ. ಎಬ್ಬಸಲೇನ್ರಿ?"

"ಬ್ಯಾಡ್ರಿ," ಎಂದೆ. "ನಾನ ಬರ್ತೀನಿ."