ಹನೂರಿನಲ್ಲಿ ಸಿಕ್ಕಿಬಿದ್ದ ಕೊಳವೆ

ಮೈಸೂರಿನಿಂದ ಬೆಳಗಿನ ರೈಲಿಗೆ ಹೊರಟು ಚಾಮರಾಜನಗರದಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಯುದ್ಧ ಮುಗಿದು ಮೂರು ನಾಲ್ಕು ವರ್ಷವಾಗಿದ್ದರೂ ಕೊಳ್ಳೇಗಾಲದ ಬಸ್ಸು ಇದ್ದಲಿನ ಗ್ಯಾಸಿನಲ್ಲೇ ಓಡುತ್ತಿತ್ತು. ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಪಂಪಿಗೆ ಹಾಕುವ ಆರು ತೊಗಲಿನ ವಾಷರು, ಅವನ್ನು ನೆನೆಸಲು ಒಂದು ಬಾಟಲಿ ಹರಳೆಣ್ಣೆ, ಮತ್ತು ಒಂದು ಕಾಗದ ಇದ್ದವು.

ಕಾಗದ ಬರೆಸಿದವಳು ಹನೂರಿನ ಗೌರಮ್ಮ. ಅವಳ ಗಂಡ ಮಲ್ಲಣ್ಣನೂ ನಾನೂ ಯುದ್ಧಕ್ಕೆ ಮುಂಚೆ ಬರ್ಮಾದ ಎಣ್ಣೆ ಬಾವಿಗಳಲ್ಲಿ ಒಂದೇ ಪಾಳಿಯಲ್ಲಿ ದುಡಿದವರು. ಅವನು ನನಗಿಂತ ಎಂಟು ವರ್ಷ ದೊಡ್ಡವನು; ಕೊರೆಯುವ ಕೆಲಸ ಕಲಿಸಿದವನೂ ಅವನೇ. ಈಗ ಊರಿನ ಕುಡಿಯುವ ನೀರಿಗೆಂದು ಸರ್ಕಾರದಿಂದ ಕೈಬೋರಿನ ಸಾಮಾನು ತರಿಸಿ ಕೊರೆಸುತ್ತಿದ್ದ. ಪಂಪು ನೀರು ನೂಕುತ್ತಿಲ್ಲ, ಕೊಳವೆ ಎಪ್ಪತ್ತು ಅಡಿ ಆಳದಲ್ಲಿ ಕೂತುಬಿಟ್ಟಿದೆ, ಅವರು ಅನ್ನ ಬಿಟ್ಟಿದ್ದಾರೆ ಎಂದು ಬರೆಸಿದ್ದಳು. ಕೊನೆಯಲ್ಲಿ, ‘ನಾನು ಬರೆಸಿದೆನೆಂದು ಅವರಿಗೆ ಹೇಳಬೇಡಿ’ ಎಂಬ ಸಾಲೂ ಇತ್ತು.

ಯಳಂದೂರಿನಲ್ಲಿ ಇದ್ದಲು ತುಂಬಲು ಬಸ್ಸು ಅರ್ಧ ಗಂಟೆ ನಿಂತಿತು. ಇಡ್ಲಿ ತಿಂದು ಹೊರಟೆವು. ಕೊಳ್ಳೇಗಾಲ ಆಗ ಮದರಾಸಿಗೆ ಸೇರಿತ್ತು, ಅಲ್ಲಿ ಪಾನನಿಷೇಧ. ಗಡಿಯಲ್ಲಿ ಪೊಲೀಸನೊಬ್ಬ ನನ್ನ ಬಾಟಲಿ ತೆಗೆದು ಮೂಸಿ ಮುಖ ಕಿವುಚಿದ.

“ಎನ್ನಾ ಸಾಮಿ, ಇದು ಹರಳೆಣ್ಣೆಯಾ? ಒಂದು ಬಾಟ್ಲಿ ಯಾರು ಕುಡೀತಾರೆ?”

“ಪಂಪು ಕುಡಿಯುತ್ತೆ” ಎಂದೆ. ಬಸ್ಸೆಲ್ಲ ನಕ್ಕಿತು. ಅವನೂ ನಕ್ಕು ಬಾಟಲಿ ಹಿಂದಕ್ಕೆ ಕೊಟ್ಟ.

ಕೊಳ್ಳೇಗಾಲ ಮುಟ್ಟಿದಾಗ ಮಧ್ಯಾಹ್ನ. ಹೋಟೆಲಿನ ಹಿಂದಿನ ಬೀದಿಯಿಂದ ರೇಷ್ಮೆ ಮಗ್ಗಗಳ ಸದ್ದು ಕೇಳುತ್ತಿತ್ತು. ಊಟ ಮುಗಿಸಿ ಮೂರು ಗಂಟೆಯ ಬಸ್ಸು ಹತ್ತಿದೆ. ಹನೂರಿಗೆ ಹದಿನೈದು ಮೈಲಿ. ಎರಡು ಕಡೆ ಏರಿನಲ್ಲಿ ಗಂಡಸರೆಲ್ಲ ಇಳಿದು ನಡೆದೆವು.

ಮಲ್ಲಣ್ಣ ಜಗಲಿಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. “ರಾಮಣ್ಣ! ನೀನೇನ್ಲಾ ಇಲ್ಲಿ?”

“ಬೆಟ್ಟದ ದೇವರಿಗೆ ಹೊರಟಿದ್ದೆ, ಹಾಗೇ ನೋಡಿಕೊಂಡು ಹೋಗೋಣ ಅಂತ” ಎಂದು ಸುಳ್ಳು ಹೇಳಿದೆ. ಗೌರಮ್ಮ ನೀರಿನ ಚೆಂಬು ಕೊಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು. ರಾತ್ರಿ ರಾಗಿಮುದ್ದೆ, ಅವರೆಕಾಳಿನ ಸಾರು. ನನಗೆ ಜೊತೆಯಾಗಿ ಅವನೂ ಒಂದು ಮುದ್ದೆ ಉಂಡ.

ಬೆಳಿಗ್ಗೆ ಹಳ್ಳದ ದಂಡೆಗೆ ಹೋದೆವು. ಮೂರು ಮರದ ಕಂಬಗಳ ಮುಕ್ಕಾಲಿ, ನಡುವೆ ನೆಲದಿಂದ ಮೇಲೆದ್ದ ಕಬ್ಬಿಣದ ಕೊಳವೆ. ಪಕ್ಕದಲ್ಲಿ ನಾಲ್ಕು ಜೊತೆ ಎತ್ತುಗಳನ್ನು ತಂದು ನಿಲ್ಲಿಸಿದ್ದರು. ಊರಿನ ಯಜಮಾನರು, “ಇನ್ನೇನು ಕಾಯೋದು ಮಲ್ಲಣ್ಣ? ಅಗ್ಗ ಕಟ್ಟಿ ಎಳುದ್ಬುಡಾಣ” ಎಂದರು.

ಎಳೆದಿದ್ದರೆ ಕೊಳವೆ ತುಂಡಾಗಿ ತೂತೂ ಹೋಗುತ್ತಿತ್ತು, ಮಲ್ಲಣ್ಣನ ಹೆಸರೂ ಹೋಗುತ್ತಿತ್ತು. ಈ ಕೊರೆತದಲ್ಲಿ ಪಂಪು ಕೊಳವೆಯೊಳಗಿಂದ ನೀರನ್ನು ಕೆಳಕ್ಕೆ ನೂಕುತ್ತದೆ. ಆ ನೀರು ಕೊಳವೆಯ ಹೊರಮೈ ಹಿಡಿದು ಮೇಲೆ ಬರುವಾಗ ಕೊರೆದ ಮಣ್ಣನ್ನು ಹೊತ್ತು ತರುತ್ತದೆ. ನೀರಿನ ಒತ್ತಡ ಬಿದ್ದರೆ ಮಣ್ಣು ಅಲ್ಲೇ ಇಳಿದು ಕೊಳವೆಯ ಸುತ್ತ ಗಟ್ಟಿಯಾಗುತ್ತದೆ. ಆಮೇಲೆ ಮೇಲೆ ಎಷ್ಟು ತಿರುಗಿಸಿದರೂ ಕೆಳಗೆ ಕದಲದು. ಒದ್ದೆ ಬಟ್ಟೆ ಹಿಂಡಿದಂತೆ ಕೊಳವೆಯೇ ತಿರುಚಿಕೊಳ್ಳುತ್ತದೆ. ಆ ಬಿಗಿಯನ್ನು ಕೊಳವೆಯ ಮೇಲೆ ಅಂಗೈ ಇಟ್ಟು ಗುರುತಿಸುವುದನ್ನು ನನಗೆ ಹೇಳಿಕೊಟ್ಟವನು ಮಲ್ಲಣ್ಣ. ಅವನಿಗೆ ಇದು ಹೇಗೆ ತಪ್ಪಿತು ಎಂಬುದೇ ನನಗೆ ಅರ್ಥವಾಗಲಿಲ್ಲ.

ವಾಷರು ಬದಲಿಸಿದೆ. ನೀರಿಗೆ ಜೇಡಿಮಣ್ಣು ಕದಡಿ ಮಂದ ಮಾಡಿಸಿದೆ. ತಿಳಿನೀರಿಗಿಂತ ಅದು ಹೆಚ್ಚು ಹೊರೆ ಹೊರುತ್ತದೆ. ಇಬ್ಬರು ಪಂಪು ಒತ್ತಿದರು, ಆರು ಜನ ಕೊಳವೆ ತಿರುಗಿಸುವ ಅಡ್ಡಗೋಲು ಹಿಡಿದರು. “ಮಲ್ಲಣ್ಣ, ಕೈ ಇಟ್ಟು ಹೇಳು” ಎಂದೆ.

ಅವನು ಬಲಗೈ ಇಟ್ಟ. ಹೊತ್ತೇರಿ ಕೊಳವೆ ಬಿಸಿಲಿಗೆ ಕಾದು ಸುಡುತ್ತಿತ್ತು. ನಾನು ಮುಟ್ಟಿ ಕೈ ಎಳೆದುಕೊಂಡಿದ್ದೆ. ಅವನ ಕೈ ಹಾಗೇ ಇತ್ತು. ಅವನು ನನ್ನ ಕಣ್ಣನ್ನೇ ನೋಡಿದ. ಆಮೇಲೆ ಮೆಲ್ಲಗೆ, “ಈ ಕೈಲಿ ಏನೂ ಗೊತ್ತಾಗಾಕಿಲ್ಲ ಕಣ್ಲಾ, ಎಡಗೈಗೆ ಆ ಪಳಗಿಕೆ ಇಲ್ಲ” ಎಂದ. “ಬರ್ಮಾದಲ್ಲಿ ಮೊಣಕೈಗೆ ಸರಪಣಿ ಬಡ್ದಿತ್ತಲ್ಲ, ಆ ನರ ಈಗ ಸತ್ತದಂತೆ. ಕೊಳ್ಳೇಗಾಲದ ಡಾಕ್ಟ್ರು ಏಳವ್ರೆ. ಗೌರಿಗೆ ಏಳ್ಬ್ಯಾಡ. ಎದೆ ಒಡ್ಕತಾಳೆ.”

ನಾನು ತಲೆಯ ಮೇಲಿನ ವಸ್ತ್ರ ತೆಗೆದು ಮಡಿಸಿ ಕೊಳವೆಗೆ ಸುತ್ತಿ, ಅದರ ಮೇಲೆ ನನ್ನ ಕೈ ಇಟ್ಟೆ. “ಕೈ ನನ್ನದಿರಲಿ. ಏನು ಮಾಡಬೇಕು ಅನ್ನೋದು ನೀನು ಹೇಳು.”

ಕೈಗೆ ತಿಳಿದದ್ದನ್ನು ನಾನು ಪಿಸುಗುಟ್ಟಿದೆ. ಅವನು ಗಟ್ಟಿಯಾಗಿ ಹುಕುಂ ಕೊಟ್ಟ. ಕಾಲು ಸುತ್ತು ಮುಂದೆ, ಬಿಡು, ಕಾಲು ಸುತ್ತು ಹಿಂದೆ. ಎರಡು ಗಂಟೆ ನೀರು ಮೇಲೆ ಬರಲೇ ಇಲ್ಲ. ಯಜಮಾನರು ಎರಡು ಸಲ ಎತ್ತಿನ ಕಡೆ ನೋಡಿದರು. “ಇನ್ನೊಸಿ ತಡೀರಿ” ಎಂದು ಮಲ್ಲಣ್ಣ ಬೇಡಿಕೊಂಡ. ಕೊನೆಗೆ ಕೊಳವೆಯ ಬುಡದಲ್ಲಿ ಒಂದು ಗುಳ್ಳೆ ಎದ್ದಿತು. ಹಿಂದೆಯೇ ಬೂದು ಬಣ್ಣದ ಕೆಸರು ಉಕ್ಕಿತು. ನನ್ನ ಅಂಗೈಯೊಳಗೆ ಕೊಳವೆ ಸಡಿಲಿ ನಡುಗಿತು.

“ಬಿಡ್ತು!” ಎಂದೆ.

“ಈಗ ಎತ್ರಪ್ಪೋ, ನಿಧಾನಕ್ಕೆ!” ಎಂದು ಮಲ್ಲಣ್ಣ ಕೂಗಿದ.

ಸಂಜೆಯೊಳಗೆ ಎಪ್ಪತ್ತು ಅಡಿಯೂ ಮೇಲೆ ಬಂತು. ಒಂದು ತುಂಡೂ ಮುರಿಯಲಿಲ್ಲ. ಪಂಪು ಒತ್ತುವ ಮಾದ ಎಂಬವನಿಗೆ ಕೊಳವೆಯ ಬಿಗಿ ಗುರುತಿಸುವುದನ್ನು ಮಲ್ಲಣ್ಣ ಅಲ್ಲೇ ಹೇಳಿಕೊಡತೊಡಗಿದ. ಇನ್ನು ಮುಂದೆ ಮಾದನ ಕೈ, ಮಲ್ಲಣ್ಣನ ಬುದ್ಧಿ ಎಂದಾಯಿತು.

ಮರುದಿನ ಹಿತ್ತಿಲಿನಲ್ಲಿ ಮುಖ ತೊಳೆಯುತ್ತಿದ್ದಾಗ ಗೌರಮ್ಮ ಬಂದಳು. “ಅಣ್ಣಾ, ಅವ್ರ ಬಲಗೈಗೆ ಸುರುಣೆ ಇಲ್ಲ, ಮುಟ್ಟಿದ್ದು ತಿಳಿಯಾಕಿಲ್ಲ. ಆರು ತಿಂಗ್ಳಾಯ್ತು. ಕುದಿಯೋ ಸಾರಿನ ಪಾತ್ರೆ ಬರಿಗೈಲಿ ಎತ್ತಿಟ್ರು, ನಾನು ನೋಡ್ದೆ. ನಂಗೆ ಗೊತ್ತು ಅಂತ ಏಳ್ಬ್ಯಾಡಿ. ನೊಂದ್ಕತಾರೆ.”

ಬಸ್ಸಿಗೆ ಇಬ್ಬರೂ ಜೊತೆಯಲ್ಲಿ ಬಂದರು. ಅವಳು ದಾರಿಗೆಂದು ರಾಗಿರೊಟ್ಟಿ ಕಟ್ಟಿಕೊಟ್ಟಿದ್ದಳು. ಹತ್ತುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಮಲ್ಲಣ್ಣನ ಬಲಗೈ ಹಿಡಿದು ಅವಳ ಕೈಯಲ್ಲಿಟ್ಟೆ.

“ಇವಳಿಗೆ ಆರು ತಿಂಗಳಿಂದ ಗೊತ್ತು, ಮಲ್ಲಣ್ಣ. ನನ್ನನ್ನು ಕರೆಸಿದವಳೂ ಇವಳೇ. ಇಬ್ಬರ ಗುಟ್ಟನ್ನೂ ಮೈಸೂರಿನವರೆಗೆ ಹೊರೋ ಶಕ್ತಿ ನನಗಿಲ್ಲ.”

ಅವನು ಅವಳನ್ನು ನೋಡಿದ. “ಯಾಕಮ್ಮಿ ಏಳ್ನಿಲ್ಲ?”

“ನೀವ್ಯಾಕ್ ಏಳ್ನಿಲ್ಲ?” ಎಂದಳು ಗೌರಮ್ಮ.

ಕಂಡಕ್ಟರು ಸೀಟಿ ಊದಿದ. ಕಿಟಕಿಯಿಂದ ಹಿಂತಿರುಗಿ ನೋಡಿದೆ. ಅವಳು ಸಂತೆಬೀದಿಯ ಜನರ ನಡುವೆಯೂ ಆ ಕೈ ಬಿಟ್ಟಿರಲಿಲ್ಲ. ಹಿಡಿದದ್ದು ಅವನ ಅಂಗೈಗೆ ತಿಳಿಯುವಂತಿರಲಿಲ್ಲ. ಅವನು ತಲೆ ಬಗ್ಗಿಸಿ ಅದನ್ನೇ ನೋಡುತ್ತ ನಿಂತಿದ್ದ.